ಪ್ರಿಂಟಾದ ಒಂದೇ ಸಾಲು

ನಮ್ಮ ಮನೆಯಲ್ಲಿ ಬೀಗ ಹಾಕಿದ ಮೇಲೆ ಜಗ್ಗಿ ನೋಡದೆ ಯಾರೂ ಮೆಟ್ಟಿಲು ಇಳಿದವರಲ್ಲ. ಅಪ್ಪ ಇದ್ದಾಗ ಅಪ್ಪ ಜಗ್ಗುತ್ತಿದ್ದರು. ಆಮೇಲೆ ಅಮ್ಮ ಜಗ್ಗತೊಡಗಿದಳು, ಅಮ್ಮ ಜಗ್ಗಿದ್ದನ್ನು ನಂಬದೆ ನಾನು ಇನ್ನೊಂದು ಸಲ. ಓಲ್ಡ್ ಟೌನಿನ ನಮ್ಮ ಬೀದಿಯವರು, "ಕಳ್ಳರು ಬಂದ್ರೂ ಇಷ್ಟು ಎಳೆದಾಡಲ್ಲ ಮಾರಾಯ್ತಿ" ಎಂದು ನಗುತ್ತಿದ್ದರು. ನಗಲಿ. ಈ ಜಗ್ಗುವ ಚಟ ಒಂದು ದಿನ ಭದ್ರಾವತಿಯ ತುಂಬಿದ ಸಭೆಯಲ್ಲಿ ನನ್ನ ಮಾನ ಕಳೆಯಿತು, ನನ್ನ ಅನ್ನ ಕಾದದ್ದೂ ಅದೇ. ಅದನ್ನು ಹೇಳುವುದಕ್ಕೆ ಮೊದಲು, ಹಿಂದಿ ಟೀಚರಾಗಿದ್ದ ನಾನು ಕಂಪ್ಯೂಟರಿನ ಮುಂದೆ ಹೋಗಿ ಕೂತದ್ದು ಯಾಕೆ ಎಂದು ಹೇಳಬೇಕು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಜನ ಕಡಿಮೆ ಮಾಡಲು ಸ್ವಯಂ ನಿವೃತ್ತಿ ಎಂಬ ಮಾತು ಓಡಾಡುತ್ತಿತ್ತು. ಕಾರ್ಖಾನೆಯ ಕೆಲಸ ಬಿಟ್ಟು ಊರಿಗೆ ವಾಪಸು ಹೋಗುವವರು ಮಕ್ಕಳ ಟಿ.ಸಿ. ತೆಗೆದುಕೊಳ್ಳಲು ನಮ್ಮ ಖಾಸಗಿ ಹೈಸ್ಕೂಲಿನ ಆಫೀಸಿನ ಮುಂದೆ ನಿಲ್ಲುತ್ತಿದ್ದರು. ಇದ್ದ ಸೆಕ್ಷನ್ನುಗಳು ಕರಗುತ್ತಾ ಬಂದವು. ಡಿಸೆಂಬರಿನ ಒಂದು ಮಧ್ಯಾಹ್ನ ಹೆಡ್‌ಮಾಸ್ಟರು ನನ್ನನ್ನು ಕರೆದು, ಕುರ್ಚಿ ತೋರಿಸಿ, ಟೀ ತರಿಸಿದರು. ಅವರು ಟೀ ತರಿಸಿದರೆಂದರೆ ಕೆಟ್ಟ ಸುದ್ದಿ ಎಂದು ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು.

"ಜೂನ್‌ನಿಂದ ಹಿಂದಿಗೆ ಇಬ್ಬರು ಬೇಡ ಅಂತ ಕಮಿಟಿಯೋರು ಹೇಳ್ತಿದಾರೆ. ನೀವು ಕಿರಿಯರು" ಎಂದರು.

ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ನನಗೆ ಅಳು ಬರಬೇಕಾಗಿತ್ತು, ಬಂದದ್ದು ಸಿಟ್ಟು. "ಕಿರಿಯಳಾಗಿ ಹುಟ್ಟಿದ್ದು ನನ್ನ ತಪ್ಪಾ ಸಾರ್?" ಎಂದು ಕೇಳಿಯೇಬಿಟ್ಟೆ.

ಅವರು ಟೀ ಊದಿಕೊಂಡು ಒಂದು ದಾರಿ ತೋರಿಸಿದರು. ಶಾಲೆಗೆ ದಾನಿಗಳೊಬ್ಬರು ಕಂಪ್ಯೂಟರ್ ಕೊಡುತ್ತಿದ್ದಾರೆ. ಫೆಬ್ರವರಿಯಲ್ಲಿ ಉದ್ಘಾಟನೆ. ಅದನ್ನು ನಡೆಸಲು ಬರುವವರು ಯಾರೂ ಇಲ್ಲ. ಉದ್ಘಾಟನೆಯ ದಿನ ನಾನು ಅದರಲ್ಲಿ ಏನಾದರೂ ಮಾಡಿ ತೋರಿಸಿದರೆ ಕಂಪ್ಯೂಟರ್ ಟೀಚರೆಂದು ಉಳಿಯಬಹುದು. ತೋರಿಸದಿದ್ದರೆ ಕಮಿಟಿಯ ಅಧ್ಯಕ್ಷರ ಕಡೆಯವರೊಬ್ಬರು ಸರ್ಟಿಫಿಕೇಟ್ ಹಿಡಿದುಕೊಂಡು ಕಾದಿದ್ದಾರೆ.

"ನಿಮಗೆ ಕಂಪ್ಯೂಟರ್ ಬರುತ್ತೇನ್ರಿ?"

"ಬರುತ್ತೆ ಸಾರ್" ಎಂದೆ. ನಾನು ಅಲ್ಲಿಯವರೆಗೆ ಕಂಪ್ಯೂಟರನ್ನು ನೋಡಿದ್ದು ಬ್ಯಾಂಕಿನ ಗಾಜಿನ ಆಚೆಗೆ, ಅದೂ ಅದರ ಬೆನ್ನನ್ನು.

ಹೀಗೆ ನಾನು ಶಾಲೆ ಬಿಟ್ಟ ಕೂಡಲೇ ಶಿವಮೊಗ್ಗದ ಬಸ್ಸು ಹತ್ತತೊಡಗಿದೆ. ವಿದ್ಯಾನಗರದ ಸ್ಟಾಪಿನಲ್ಲಿ ಇಳಿದು ಒಳರಸ್ತೆಗೆ ತಿರುಗಿದರೆ ಒಂದು ಮನೆಯ ಕಾರ್ ಶೆಡ್ಡಿನಲ್ಲಿ ಟೈಪಿಂಗ್ ಇನ್ಸ್ಟಿಟ್ಯೂಟ್ ಇತ್ತು. ಕಾಲ ಬದಲಾಯಿತೆಂದು ಅದರ ಮಾಸ್ತರು ಬೋರ್ಡಿನಲ್ಲಿ 'ಟೈಪಿಂಗ್' ಎಂಬುದರ ಪಕ್ಕ 'ಮತ್ತು ಕಂಪ್ಯೂಟರ್' ಎಂದು ಬರೆಸಿದ್ದರು. ಬೋರ್ಡಿನಲ್ಲಿ ಜಾಗ ಇಲ್ಲದೆ ಕಂಪ್ಯೂಟರಿನ ಕೊನೆಯ ಅಕ್ಷರ ಗೋಡೆಯ ಮೇಲೆ ಹೋಗಿತ್ತು. ಒಳಗೆ ಒಂದು ಗೋಡೆಗೆ ಟೈಪ್‌ರೈಟರುಗಳು, ಇನ್ನೊಂದು ಗೋಡೆಗೆ ಎರಡು ಕಂಪ್ಯೂಟರು. ಟೈಪಿಂಗಿನವರು ಚಪ್ಪಲಿ ಹಾಕಿಕೊಂಡೇ ಹೋಗಬಹುದು, ಕಂಪ್ಯೂಟರಿನವರು ಹೊರಗೆ ಬಿಡಬೇಕು. ಎಲ್ಲರೂ ಕೂರುವುದು ಒಂದೇ ರೂಮಿನಲ್ಲಿ. ಆದರೂ ನಿಯಮ ನಿಯಮವೇ.

ಮಾಸ್ತರಿಗೆ ಅರವತ್ತು ದಾಟಿತ್ತು. ಜೀವನಪೂರ್ತಿ ಟೈಪಿಂಗ್ ಕಲಿಸಿದ ಕೈ. ಎಂಟರ್ ಒತ್ತಬೇಕಾದಾಗಲೆಲ್ಲ ಅವರ ಎಡಗೈ ತಾನಾಗಿ ಮೇಲೆದ್ದು, ಟೈಪ್‌ರೈಟರಿನ ಸಾಲು ಬದಲಿಸುವ ಸನ್ನೆಕೋಲು ಹುಡುಕಿಕೊಂಡು ಗಾಳಿಯಲ್ಲಿ ಒಂದು ಸಲ ಬೀಸಿ, ಆಮೇಲೆ ಪಾಪ ಎನ್ನುವ ಹಾಗೆ ಕೀಲಿಯ ಮೇಲೆ ಇಳಿಯುತ್ತಿತ್ತು. ಪಕ್ಕದಲ್ಲಿ ಕೂತವರು ತಲೆ ಬಗ್ಗಿಸಿಕೊಳ್ಳಬೇಕು. ನಾನು ಎರಡು ಸಲ ಪೆಟ್ಟು ತಿಂದೆ.

ಬೇಸಿಕ್ ಎಂಬ ಭಾಷೆ ಕಲಿಸಿದರು. ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ನಂಬರ್ ಹಾಕುವುದು. ಒಂದು, ಎರಡು ಎಂದು ಯಾಕೆ ಹಾಕಬಾರದು ಎಂದು ಕೇಳಿದೆ. "ಮಧ್ಯೆ ಯಾರಾದ್ರೂ ಹತ್ತಬೇಕು ಅಂದ್ರೆ ಸೀಟು ಬೇಡವೇನಮ್ಮಾ? ನೀವು ಬಸ್ಸಲ್ಲಿ ಓಡಾಡೋರು, ನಿಮಗೆ ಗೊತ್ತಿರಬೇಕು" ಎಂದರು. ನನಗೆ ಆ ಭಾಷೆ ಅಲ್ಲಿಂದ ಹತ್ತಿರವಾಯಿತು.

ಆದರೆ ಲೆಕ್ಕ ಕೂಡುವುದು, ಮಗ್ಗಿ ಬರೆಸುವುದು ಇವೆಲ್ಲ ಪರದೆಯ ಮೇಲೆ ಬಂದು ಹೋಗಿಬಿಡುತ್ತಿದ್ದವು. ಸ್ವಿಚ್ ಆರಿಸಿದರೆ ಏನೂ ಉಳಿಯದು. ಉದ್ಘಾಟನೆಯಲ್ಲಿ ತೋರಿಸಿದರೆ ಕಣ್ಣಿಗೆ ಕಾಣುವಂಥದ್ದು, ಕೈಯಲ್ಲಿ ಹಿಡಿಯುವಂಥದ್ದು ತೋರಿಸಬೇಕೆಂದು ನನಗೆ ಆಸೆ. ಅದಕ್ಕೆ ಮಾಸ್ತರು ಫೈಲ್ ಪಾಠ ತೆಗೆದರು.

"ಫೈಲ್ ಅಂದ್ರೆ ಏನಮ್ಮಾ? ಹಾಳೆ. ಓಪನ್ ಅಂದ್ರೆ ಹಾಳೆ ರೋಲರಿಗೆ ಹಾಕೋದು. ಪ್ರಿಂಟ್ ಅಂದ್ರೆ ಸಾಲು ಹೊಡೆಯೋದು. ಕ್ಲೋಸ್ ಅಂದ್ರೆ ಹಾಳೆ ಈಚೆ ಎಳೆದು ಜೋಪಾನ ಮಾಡೋದು. ಎಳೀದೆ ಎದ್ದು ಹೋದ್ರೆ ನಿಮ್ಮ ಸಾಲು ಗಾಳಿಪಾಲು."

ಇದಕ್ಕಿಂತ ಚೆನ್ನಾಗಿ ಇವತ್ತಿಗೂ ಯಾರೂ ನನಗೆ ಹೇಳಿಕೊಟ್ಟಿಲ್ಲ. ನಾಲ್ಕು ಸಾಲಿನ ಪ್ರೋಗ್ರಾಂ. ಫೈಲನ್ನು ಔಟ್‌ಪುಟ್ ಎಂದು ಓಪನ್ ಮಾಡು, ಕೂತವರಿಂದ ಒಂದು ಸಾಲು ಕೇಳು, ಅದನ್ನು ಫೈಲಿಗೆ ಹಾಕು, ಕ್ಲೋಸ್ ಮಾಡು. ಫೈಲಲ್ಲಿ ಇದ್ದದ್ದನ್ನೆಲ್ಲ ಓದಿ ಹಾಳೆಗೆ ಹೊಡೆಯಲು ಬೇರೊಂದು ಪ್ರೋಗ್ರಾಂ. ಮೊದಲ ದಿನ ಅಂಜಿಕೊಂಡು ಒಂದು ಸಾಲು ಹಾಕಿದೆ. ಮಾಸ್ತರು ಮೆಷಿನ್ ಆರಿಸಿ, ಬಟ್ಟೆ ಹೊದಿಸಿ, ಬಾಗಿಲು ಹಾಕಿದರು. ಮಾರನೆಯ ಸಂಜೆ ಹೋಗಿ ನೋಡುತ್ತೇನೆ, ನನ್ನ ಸಾಲು ಹಾಗೇ ಇದೆ! ನನಗಾದ ಸಂತೋಷಕ್ಕೆ ಮಾಸ್ತರ ಕೈ ಬೀಸಿದ್ದನ್ನೂ ಗಮನಿಸಲಿಲ್ಲ. ಆಗಲೇ ಎರಡನೆಯ ಪೆಟ್ಟು ಬಿದ್ದದ್ದು.

ಔಟ್‌ಪುಟ್ ಎಂದು ಬರೆಯುವ ಜಾಗದಲ್ಲಿ ಬೇರೆ ಪದಗಳೂ ಬರುತ್ತವೆಂದು ಅವರ ಪುಸ್ತಕದಲ್ಲಿತ್ತು. ಮಾಸ್ತರು ಅದನ್ನು ಬೆರಳಲ್ಲೇ ದಾಟಿಸಿಬಿಟ್ಟರು. "ಅವೆಲ್ಲ ನಮಗೆ ಬೇಡ" ಎಂದರು. ನಾನೂ ಬೇಡ ಎಂದುಕೊಂಡೆ.

ದಾನಿಗಳು ಕೊಟ್ಟ ಕಂಪ್ಯೂಟರ್ ಜನವರಿಯಲ್ಲಿ ಆಟೋದಲ್ಲಿ ಬಂತು. ದಾನಿಗಳು ಗುಜರಿ ಕಂಟ್ರಾಕ್ಟರು, ಯಾವುದೋ ಆಫೀಸಿನ ಹರಾಜಿನಲ್ಲಿ ಕೊಂಡ ರಾಶಿಯಲ್ಲಿ ಅದೂ ಇತ್ತಂತೆ. ಜೊತೆಗೊಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಎರಡಕ್ಕೂ ಅವರ ಮನೆಯವರು ಕ್ರೋಶಾದಲ್ಲಿ ಗುಲಾಬಿ ಹೂವಿನ ಗವಸು ಹೆಣೆದು ಕಳಿಸಿದ್ದರು. ನಮ್ಮ ಶಾಲೆಯ ಸೈನ್ಸ್ ರೂಮಿನ ಅಸ್ಥಿಪಂಜರವನ್ನು ಸ್ಟೋರಿಗೆ ಸಾಗಿಸಿ, ಆ ಜಾಗದಲ್ಲಿ ಕಂಪ್ಯೂಟರ್ ಇಟ್ಟು, ಕೆಂಪು ಪರದೆ ಬಿಟ್ಟೆವು.

ಅಂದಿನಿಂದ ಶಾಲೆ ಬಿಟ್ಟ ಮೇಲೆ ನಾನೊಬ್ಬಳೇ ಅಲ್ಲಿ ಅಭ್ಯಾಸಕ್ಕೆ ಕೂರುತ್ತಿದ್ದೆ. ಏನಾದರೂ ಒಂದು ಸಾಲು ಹಾಕಿ ನೋಡಬೇಕಲ್ಲ. ಮೊದಮೊದಲು ನಮಸ್ತೆ ಎಂದು ಹೊಡೆದೆ. ಬರಬರುತ್ತಾ ಮನಸ್ಸಿನಲ್ಲಿ ಇದ್ದದ್ದೇ ಬೆರಳಿಗೆ ಬಂತು. ಅದರಲ್ಲಿ ಕನ್ನಡದ ಅಕ್ಷರವಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆಯಬೇಕು. ಹಾಗೇ ಹೊಡೆದೆ: ದೇವರೇ ನನ್ನ ಕೆಲಸ ಕಾಪಾಡು. ರನ್ ಮಾಡು, ಸಾಲು ಹೊಡಿ, ಎಂಟರ್ ಒತ್ತು, ಓದಿ ನೋಡು, ಸಾಲು ಇದೆ. ಬೀಗ ಬಿದ್ದಿದೆ. ಮನೆಗೆ ಹೋಗು. ದಿನಾ ಇದೇ. ಎರಡು ಸಾಲು ಹಾಕಿ ನೋಡೋಣ ಎಂದು ನನಗೆ ಒಂದು ದಿನವೂ ತೋಚಲಿಲ್ಲ. ನನಗೆ ಬೇಕಾದದ್ದು ಇದ್ದದ್ದೇ ಒಂದು.

ಹೆಡ್‌ಮಾಸ್ಟರಿಗೆ ಇದನ್ನು ತೋರಿಸಿದ್ದೇ ತಡ, ಅವರ ತಲೆ ಓಡಿತು. ಬಂದ ಗಣ್ಯರೆಲ್ಲ ಒಬ್ಬೊಬ್ಬರಾಗಿ ಕೂತು ತಮ್ಮ ಕೈಯಾರೆ ಒಂದೊಂದು ಶುಭಾಶಯದ ಸಾಲು ಹೊಡೆಯಬೇಕು. ಕೊನೆಯಲ್ಲಿ ಎಲ್ಲ ಸಾಲುಗಳೂ ಒಂದೇ ಹಾಳೆಯಲ್ಲಿ ಪ್ರಿಂಟಾಗಿ ಬರಬೇಕು. ಅದಕ್ಕೆ ಅಲ್ಲಿಯೇ ಫ್ರೇಮ್ ಹಾಕಿ ದಾನಿಗಳ ಕೈಗೆ ಕೊಡಬೇಕು. ದಾನಿಗಳು ಕೇಳಿ ಹಿಗ್ಗಿ, ಫ್ರೇಮನ್ನು ತಾವೇ ಮಾಡಿಸಿದರು. ಮದುವೆಯ ಗ್ರೂಪ್ ಫೋಟೋ ಹಾಕುವಷ್ಟು ದೊಡ್ಡದು, ಅಂಚಿಗೆ ಚಿನ್ನದ ಬಣ್ಣ.

ಉದ್ಘಾಟನೆಯ ದಿನ ಕಂಪ್ಯೂಟರನ್ನು ಸಭಾಂಗಣದ ವೇದಿಕೆಗೆ ತಂದರು. ಸಭಾಂಗಣ ಎಂದರೆ ಶೀಟು ಹೊದಿಸಿದ ಉದ್ದ ಶೆಡ್ಡು. ಅಪ್ಪಂದಿರೆಲ್ಲ ಮೊದಲ ಪಾಳಿ ಮುಗಿಸಿ ಹಾಗೇ ಬಂದಿದ್ದರು, ಕೆಲವರು ಮೈಮೇಲಿನ ಖಾಕಿಯನ್ನೂ ಬದಲಾಯಿಸಿರಲಿಲ್ಲ. ಎರಡನೆಯ ಸಾಲಿನಲ್ಲಿ ಅಮ್ಮ ರೇಷ್ಮೆ ಸೀರೆ ಉಟ್ಟು ನನ್ನನ್ನೇ ನೋಡುತ್ತಾ ಕೂತಿದ್ದಳು. ಮಾನಿಟರಿಗೆ ಕುಂಕುಮ ಹಚ್ಚಿದರು, ಸರಿ. ಸಿಪಿಯು ಮೇಲೆ ಹೂ ಇಟ್ಟರು, ಸರಿ. ಹೆಡ್‌ಮಾಸ್ಟರು ತೆಂಗಿನಕಾಯಿ ಹಿಡಿದು ಪ್ರಿಂಟರಿನ ಪಕ್ಕಕ್ಕೆ ಬಂದಾಗ ಮಾತ್ರ ನಾನು ಮಧ್ಯೆ ನುಗ್ಗಿ, "ಸಾರ್, ಹೊರಗೆ ಒಡೀರಿ, ದಮ್ಮಯ್ಯ" ಎಂದು ತಡೆದೆ.

ಮೊದಲು ದಾನಿಗಳು ಕೂತರು. ಆಮೇಲೆ ಹೆಡ್‌ಮಾಸ್ಟರು, ಆಮೇಲೆ ಅತಿಥಿಗಳು. ಪ್ರತಿಯೊಬ್ಬರಿಗೂ ನಾನು ರನ್ ಮಾಡಿಕೊಡುವುದು, ಅವರು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುವುದು, ಎಂಟರ್ ಒತ್ತಿ ಸಭೆಯ ಕಡೆಗೆ ಕೈ ಮುಗಿಯುವುದು. ಸಭಾ ಮರ್ಯಾದೆಯಂತೆ ಎಲ್ಲರಿಗಿಂತ ಕೊನೆಗೆ ಆಡಳಿತ ಮಂಡಳಿಯ ಅಧ್ಯಕ್ಷರು. ಅವರದು ಬಟ್ಟೆ ಅಂಗಡಿ, ಯಾವ ಸರಕನ್ನೂ ಒಂದೇ ಮಾತಿಗೆ ಒಪ್ಪಿಕೊಂಡವರಲ್ಲ.

"ಏನ್ರೀ ಇದು, ಎ ಆದ್ಮೇಲೆ ಎಸ್ ಇದೆ! ಬಿ ಎಲ್ಲಿ?" ಎಂದರು.

"ಕೆಳಗಿದೆ ಸಾರ್."

"ಒಂದು ಕ್ರಮ ಬೇಡವಾ? ಅಕ್ಷರಾನೇ ಸರಿಯಾಗಿ ಜೋಡ್ಸಿಲ್ಲ. ಹಳೇ ಮಾಲು ಅಂತ ಇದಕ್ಕೇ ಹೇಳೋದು."

ದಾನಿಗಳ ಮುಖ ಕಪ್ಪಾಯಿತು. ಅಧ್ಯಕ್ಷರು ತಮ್ಮ ಅವಧಿಯಲ್ಲಿ ಶಾಲೆ ಕಂಡ ಪ್ರಗತಿಯನ್ನು ಕುರಿತು ಒಂದು ನೀಳ ಸಾಲು ಹೊಡೆದು, ಎದ್ದು, ಮೈಕಿಗೆ ಹೋಗಿ, ಅದೇ ವಿಷಯದ ಮೇಲೆ ಅಧ್ಯಕ್ಷೀಯ ಭಾಷಣ ಶುರು ಮಾಡಿದರು.

ಇಲ್ಲಿಯವರೆಗೆ ಎಲ್ಲ ಸುಗಮ. ಅಧ್ಯಕ್ಷರ ಭಾಷಣ ಮುಗಿಯುವ ಹಾಗೆ ಕಾಣಲಿಲ್ಲ. ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತ ನನಗೆ ಅನುಮಾನ ಹತ್ತಿತು. ಸಾಲುಗಳು ನಿಜವಾಗಿ ಒಳಗೆ ಹೋಗಿವೆಯೋ ಇಲ್ಲವೋ? ತಲೆ ಎತ್ತಿದರೆ ಅಮ್ಮ ಕಣ್ಣಲ್ಲೇ ಏನಾಯಿತೆಂದು ಕೇಳಿ, ಮಡಿಲ ಮೇಲೆ ಮುಷ್ಟಿ ಹಿಡಿದು ಕೆಳಕ್ಕೆ ಎಳೆದು ತೋರಿಸಿದಳು. ಬೀಗ ಜಗ್ಗುವ ಸನ್ನೆ. ಸುಮ್ಮನೆ ಓದಿ ನೋಡಿದ್ದರೆ ಸಾಕಿತ್ತು. ಆದರೆ ಗಾಬರಿಯಲ್ಲಿ ಬೆರಳು ದಿನದ ಅಭ್ಯಾಸವನ್ನು ಮೊದಲಿಂದ ಮಾಡಿತು: ರನ್, ದೇವರೇ ನನ್ನ ಕೆಲಸ ಕಾಪಾಡು, ಎಂಟರ್. ಯಂತ್ರ 'ಓಕೆ' ಎಂದಿತು. ಹೊಡೆದ ಮೇಲೆ ಹೊಳೆಯಿತು, ಇದೂ ಉಳಿದವರ ಸಾಲುಗಳ ಕೆಳಗೆ ಸೇರಿಕೊಂಡಿತಲ್ಲ ಎಂದು. ಅಷ್ಟರಲ್ಲಿ ಭಾಷಣ ಮುಗಿದು ಚಪ್ಪಾಳೆ ಬಿತ್ತು. ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ "ಹೂಂ, ಪ್ರಿಂಟ್" ಎಂದರು. ಇರಲಿ, ಇಷ್ಟುದ್ದ ಪಟ್ಟಿಯ ತುದಿಯಲ್ಲಿರುವ ಸಾಲನ್ನು ಯಾರು ಓದುತ್ತಾರೆ ಎಂದು ಧೈರ್ಯ ತಂದುಕೊಂಡು ಪ್ರಿಂಟ್ ಕೊಟ್ಟೆ.

ಪ್ರಿಂಟರ್ ಕಿರ್ರ್ ಎಂದು ಒಂದು ಸಲ ಆಚೆ ಹೋಯಿತು, ಈಚೆ ಬಂತು, ನಿಂತಿತು. ಇನ್ನೂ ಇದೆ ಎಂದು ಎಲ್ಲರೂ ಕಾದರು. ನಾನೂ ಕಾದೆ. ಏನೂ ಬರಲಿಲ್ಲ. ಹೆಡ್‌ಮಾಸ್ಟರು ತಾಳ್ಮೆಗೆಟ್ಟು ಹಾಳೆಯನ್ನು ಹರಿದು, ನೋಡದೆಯೇ ಅಧ್ಯಕ್ಷರ ಕೈಗಿತ್ತರು. ಅಧ್ಯಕ್ಷರು ಕನ್ನಡಕ ಏರಿಸಿ ಮೈಕಿಗೆ ಬಾಯಿಟ್ಟು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದಿದರು.

"ದೇ... ವ... ರೇ..."

ಪ್ರಾರ್ಥನೆ ಶುರುವಾಯಿತೆಂದು ಮಕ್ಕಳೆಲ್ಲ ದಡದಡ ಎದ್ದು ಕೈ ಮುಗಿದರು. ಮಕ್ಕಳು ಎದ್ದದ್ದು ನೋಡಿ ದೊಡ್ಡವರೂ ಎದ್ದರು. ವೇದಿಕೆಯ ಮೇಲಿದ್ದವರಿಗೆ ಕೂತಿರಲು ಆಗಲಿಲ್ಲ.

"ನ...ನ್ನ ಕೆ...ಲ...ಸ ಕಾ...ಪಾಡು."

ನನಗೆ ನೆಲ ಬಿರಿದು ಒಳಗೆ ಎಳೆದುಕೊಳ್ಳಬಾರದೇ ಎನಿಸಿತು. ಅಷ್ಟು ಜನ ಕೈ ಮುಗಿದು ನಿಂತಿದ್ದಾರೆ. ಅಮ್ಮನ ಮುಷ್ಟಿ ಇನ್ನೂ ಮಡಚಿಯೇ ಇತ್ತು. ಆಗ ಹಿಂದಿನ ಖಾಕಿಯ ಸಾಲಿನಿಂದ ಯಾರೋ ಒಬ್ಬರು, ತಮಾಷೆಯಿಲ್ಲದ ದಪ್ಪ ದನಿಯಲ್ಲಿ, "ಹೌದಪ್ಪಾ, ದೇವರೇ" ಎಂದರು. ಇನ್ನೊಬ್ಬರು ತೆಲುಗಿನಲ್ಲಿ ಏನೋ ಅಂದರು. ಆಮೇಲೆ ಚಪ್ಪಾಳೆ ಎದ್ದಿತು. ಅಧ್ಯಕ್ಷರ ಭಾಷಣಕ್ಕೆ ಬಿದ್ದಂಥ ಚಪ್ಪಾಳೆಯಲ್ಲ ಅದು, ಮೇಲಿನ ಶೀಟುಗಳು ನಡುಗಿದವು. ಕೆಲವರು ಕಣ್ಣೊರೆಸಿಕೊಂಡರು. ನಾನು ಏನೂ ಅರ್ಥವಾಗದೆ ಕ್ರೋಶಾ ಗವಸನ್ನು ಹಿಂಡುತ್ತಾ ನಿಂತಿದ್ದೆ.

ಅಧ್ಯಕ್ಷರು ಹಾಳೆಯ ಹಿಂದೆ ಮುಂದೆ ತಮ್ಮ ಸಾಲನ್ನು ಹುಡುಕಿದರು. ಸಿಗಲಿಲ್ಲ. ಆದರೆ ಅಷ್ಟು ಚಪ್ಪಾಳೆಯನ್ನು ಸುಮ್ಮನೆ ಬಿಡುವ ವ್ಯಾಪಾರಿಯಲ್ಲ ಅವರು. ಮೈಕು ಹಿಡಿದು ಹೇಳಿದರು:

"ನೋಡಿ, ನಾವೆಲ್ಲ ಒಂದೊಂದು ಸಾಲು ಹೊಡೆದ್ವಿ. ಕಂಪ್ಯೂಟರ್ ಎಲ್ಲಾನೂ ಓದಿ, ಅರ್ಥ ಮಾಡ್ಕೊಂಡು, ಸಾರಾಂಶ ತೆಗೆದು ಕೊಟ್ಟಿದೆ. ಇದು ವಿಜ್ಞಾನ!"

ದಾನಿಗಳ ಮುಖ ಅರಳಿತು. ತಾವು ಕೊಟ್ಟದ್ದು ಹಳೇ ಮಾಲಲ್ಲ ಎಂದು ಅಧ್ಯಕ್ಷರ ಬಾಯಿಂದಲೇ ಬಂದಿತ್ತಲ್ಲ. ಗ್ರೂಪ್ ಫೋಟೋದ ಫ್ರೇಮಿನೊಳಗೆ ಆ ಒಂದೇ ಸಾಲನ್ನು ಇಟ್ಟು ಗಾಜು ಮುಚ್ಚಿದರು. ಉಳಿದದ್ದೆಲ್ಲ ಬರೀ ಬಿಳಿ. ಹೆಡ್‌ಮಾಸ್ಟರಿಗೆ ಮಾತ್ರ ಅನುಮಾನ ಬಂದಿರಬೇಕು. ಇಳಿಯುವಾಗ ನನ್ನ ಹತ್ತಿರ ನಿಂತು, "ನಿಮ್ಮ ಹೆಸರು ಜೂನ್ ಟೈಮ್‌ಟೇಬಲಿಗೆ ಹಾಕ್ತೀನಿ. ಸಾರಾಂಶ ಚೆನ್ನಾಗಿತ್ತು" ಎಂದಷ್ಟೇ ಹೇಳಿದರು. ನಾನು ಅಲ್ಲೇ ಅತ್ತೆ. ನಾಚಿಕೆಯೂ ಆಗಿತ್ತು, ಜೀವವೂ ಬಂದಿತ್ತು, ಎರಡನ್ನೂ ಸೇರಿಸಿ ಅತ್ತೆ.

ಮರುದಿನ ಭಾನುವಾರ. ಮೊದಲ ಬಸ್ಸಿಗೇ ವಿದ್ಯಾನಗರಕ್ಕೆ ಹೋಗಿ, ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿ, ಮಾಸ್ತರನ್ನು ತರಾಟೆಗೆ ತೆಗೆದುಕೊಂಡೆ. ಅವರು ಕೂತು ನನ್ನ ಪ್ರೋಗ್ರಾಂ ನೋಡಿದರು. ನಿಧಾನವಾಗಿ ಕನ್ನಡಕ ತೆಗೆದರು.

"ಔಟ್‌ಪುಟ್ ಅಂತ ಓಪನ್ ಮಾಡಿದ್ರೆ ಹೊಸ ಹಾಳೆ ಅಮ್ಮಾ. ಪ್ರತಿ ಸಲ ರನ್ ಮಾಡ್ದಾಗ್ಲೂ ಹಳೇದು ಬುಟ್ಟಿಗೆ, ಹೊಸದು ರೋಲರಿಗೆ. ಹಳೇ ಹಾಳೆ ಮೇಲೇ ಮುಂದಕ್ಕೆ ಹೊಡೀಬೇಕು ಅಂದ್ರೆ ಅಪೆಂಡ್ ಅನ್ನಬೇಕು."

"ಅದನ್ನ ಯಾಕೆ ಹೇಳಿಕೊಡ್ಲಿಲ್ಲ ಸಾರ್?"

ಮಾಸ್ತರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಹೊಡೆದ ಹಾಳೇನ ಯಾರಾದ್ರೂ ಮತ್ತೆ ರೋಲರಿಗೆ ಹಾಕ್ತಾರೇನಮ್ಮಾ? ಸಾಲು ನೆಟ್ಟಗೆ ಕೂರಲ್ಲ. ನಲವತ್ತು ವರ್ಷದಿಂದ ಮಕ್ಕಳಿಗೆ ಅದನ್ನೇ ಹೇಳ್ತಾ ಬಂದಿದೀನಿ, ಬಡತನ ಇದ್ರೂ ಪ್ರತಿ ಅಭ್ಯಾಸಕ್ಕೂ ಹೊಸ ಹಾಳೆ ತನ್ನಿ ಅಂತ."

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ನಾನು ಆ ಸಾಲು ಹೊಡೆಯದೇ ಇದ್ದಿದ್ದರೂ ಎಲ್ಲರ ಸಾಲುಗಳೂ ಹೋಗಿಯೇ ಇದ್ದವು, ಉಳಿಯುತ್ತಿದ್ದದ್ದು ಕೊನೆಗೆ ಕೂತ ಅಧ್ಯಕ್ಷರದೊಂದೇ. ಚಿನ್ನದ ಅಂಚಿನ ಫ್ರೇಮಿನಲ್ಲಿ, ತಮ್ಮ ಮಾಲನ್ನು ಹಳೇದು ಎಂದವರ ಆತ್ಮಪ್ರಶಂಸೆಯನ್ನು ದಾನಿಗಳ ಕೈಗೆ ಕೊಟ್ಟಿದ್ದರೆ ಕಂಪ್ಯೂಟರ್ ಅದೇ ಆಟೋದಲ್ಲಿ ವಾಪಸು ಹೋಗುತ್ತಿತ್ತು, ಅದರ ಹಿಂದೆಯೇ ನಾನು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಔಟ್‌ಪುಟ್ಟೂ ಬೇಡ, ಅಪೆಂಡೂ ಬೇಡ. "ಜಗ್ಗಿ ನೋಡಿದ್ದು ಒಳ್ಳೇದಾಯ್ತೋ ಇಲ್ವೋ?" ಎಂದು ಕೇಳಿ ಒಲೆಯ ಕಡೆ ತಿರುಗಿದಳು.

ಸೋಮವಾರ ಸಂಜೆ ಕೆಂಪು ಪರದೆಯೊಳಗೆ ಕೂತು ಔಟ್‌ಪುಟ್ ಎಂದಿದ್ದ ಕಡೆ ಅಪೆಂಡ್ ಎಂದು ತಿದ್ದುತ್ತಿದ್ದೆ. ಬಾಗಿಲಲ್ಲಿ ಒಬ್ಬರು ಚಪ್ಪಲಿ ಬಿಡುತ್ತಾ ನಿಂತಿದ್ದರು. ನನ್ನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ, ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವರು, ಮನೆಮಾತು ತಮಿಳು.

"ಟೀಚರಮ್ಮಾ, ಅವತ್ತು ಅಧ್ಯಕ್ಷರು ಓದಿದ್ರಲ್ಲ, ಆ ಪೇಪರ್ ಇನ್ನೊಂದು ಬರುತ್ತಾ? ಮನೇಲಿ ಸಾಮಿ ಪಟದ ಹತ್ರ ಇಡೋಕೆ."

ನಾನು ಬಾಯಿಮಾತಿಗೆ ಎಂದೂ ಸೋತವಳಲ್ಲ. ಅಂದು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅದು ಕಂಪ್ಯೂಟರ್ ತೆಗೆದ ಸಾರಾಂಶ ಅಲ್ಲ, ನನ್ನ ಕೆಲಸ ಹೋಗುತ್ತೆ ಅಂತ ಹೆದರಿ ನಾನೇ ಹೊಡೆದದ್ದು ಎಂದೆ.

"ಇರ್ಲಿ ಟೀಚರಮ್ಮಾ. ನಮ್ದೂ ಅದೇ" ಎಂದರು.

ಒಂದು ಹಾಳೆ ಹೊಡೆದು ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವರು ಅಲ್ಲೇ ನಿಂತರು. ಮತ್ತೇನು ಎಂದು ಕೇಳಿದ್ದಕ್ಕೆ, ಕಾರ್ಖಾನೆಯ ತಮ್ಮ ವಿಭಾಗದಲ್ಲಿ ಇರುವವರೆಲ್ಲ ಕೇಳಿದ್ದಾರೆ ಎಂದು ಸಂಕೋಚದಿಂದ ಹೇಳಿದರು. ಹೊಡೆಯುತ್ತಾ ಹೋದೆ. ಕಿರ್ರ್ ಎಂದು ಆಚೆ, ಈಚೆ, ಒಂದು ಸಾಲು. ಮತ್ತೊಂದು ಹಾಳೆ. ಹಳೆಯ ರಿಬ್ಬನ್ನು ಒಣಗುತ್ತಾ ಬಂದು ಅಕ್ಷರ ಬೂದಿಯ ಬಣ್ಣವಾಯಿತು, ಕೊನೆಕೊನೆಯ ಹಾಳೆಗಳಲ್ಲಿ ಪ್ರಿಂಟರಿನ ಪಿನ್ನು ಚುಚ್ಚಿದ ಗುರುತು ಬಿಟ್ಟರೆ ಏನೂ ಇರಲಿಲ್ಲ. ರಿಬ್ಬನ್ ಬದಲಾಯಿಸಿ ಕೊಡುತ್ತೇನೆ, ನಾಳೆ ಬನ್ನಿ ಎಂದೆ. ಅವರು ಆ ಬಿಳಿ ಹಾಳೆಗಳನ್ನೂ ಜೋಡಿಸಿಕೊಂಡರು.

"ಪರವಾಗಿಲ್ಲ ಟೀಚರಮ್ಮಾ. ಸಾಮಿಗೆ ಕಾಣ್ಸುತ್ತೆ ಬಿಡಿ."